ಸಿ ಅಕ್ಷರ ಯಾವಾಗಲೂ ತಪ್ಪು

ಗದಗ ಹೊಸ ಜಿಲ್ಲೆಯಾದ ಮೇಲೆ ನಮ್ಮ ಮುಂಡರಗಿಯ ಕಚೇರಿಗೆ ಮೊದಲು ಒಂದು ಕಂಪ್ಯೂಟರ್ ಬಂತು. ಅದರ ಹಿಂದೆಯೇ, ಅದನ್ನು ಬಲ್ಲೆನೆಂದುಕೊಂಡಿದ್ದ ಒಬ್ಬ ತಜ್ಞ ಬಂದ. ಕಂಪ್ಯೂಟರಿಗಾದರೂ ಸುಮ್ಮನಾಗಿಸುವ ಗುಂಡಿ ಇತ್ತು.

ನಾನಾಗ ಅಲ್ಲಿ ಗುಮಾಸ್ತೆ. ಡಂಬಳ, ಹಮ್ಮಿಗಿಯಂಥ ಊರುಗಳಿಂದ ಬರುವ ಮಳೆಯ ಅಳತೆ, ಬಿತ್ತನೆಯ ವಿವರ ಕೂಡಿಸಿ ಮೊದಲೆಲ್ಲ ಧಾರವಾಡಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೆವು. ಇನ್ನು ಮೇಲೆ ಅದು ದಿನವೂ ಟೆಲಿಫೋನ್ ತಂತಿಯಲ್ಲಿ ಗದಗಿನ ಕಂಪ್ಯೂಟರಿಗೆ ಹೋಗಬೇಕೆಂದು ಆದೇಶವಾಯಿತು. ಅದಕ್ಕೆಂದು ಕಂಪ್ಯೂಟರಿಗೂ ಫೋನಿಗೂ ನಡುವೆ ಕೂರುವ ಮೋಡೆಮ್ ಎಂಬ ಡಬ್ಬಿ, ಆ ಡಬ್ಬಿಗೆ ಆಜ್ಞೆ ಕೊಡುವ ಟರ್ಮಿನಲ್ ಎಂಬ ಪ್ರೋಗ್ರಾಂ. ಇವನ್ನು ಹೊಂದಿಸಲು ತಜ್ಞ ಗದಗಿನಿಂದ ಬಂದಿದ್ದ.

ಕುತ್ತಿಗೆಗೆ ಟೈ, ಜೇಬಿನಲ್ಲಿ ಮೂರು ಪೆನ್ನು. ಮೂರರಲ್ಲಿ ಒಂದನ್ನಾದರೂ ತೆರೆದು ಅವನು ಏನನ್ನಾದರೂ ಬರೆದುಕೊಂಡದ್ದನ್ನು ನಾನು ನೋಡಲಿಲ್ಲ. ಡಬ್ಬಿಯ ಜೊತೆ ಬಂದ ಕೈಪಿಡಿಯ ಪ್ಲಾಸ್ಟಿಕ್ಕನ್ನೂ ಹರಿಯದೆ, ಎತ್ತರಕ್ಕಿರಲೆಂದು ಅದನ್ನು ಮೋಡೆಮ್ಮಿನ ಕೆಳಗೆ ಇಟ್ಟ.

"ಮೇಡಂ, ದೂರ ನಿಂದರ್ರಿ. ಇದು ಟೈಪ್‌ರೈಟರ್ ಅಲ್ಲ" ಎಂದ.

ನಿಂತೆ. ಡಬ್ಬಿ ಪೀಪೀ ಎಂದು ನಂಬರು ಒತ್ತಿತು, ಗುಂಯ್ ಎಂದಿತು, ಒಂದು ನಿಮಿಷ ಕಳೆದ ಮೇಲೆ ಪರದೆಯ ಮೇಲೆ 'ನೋ ಕ್ಯಾರಿಯರ್', ಅಂದರೆ ಆ ಕಡೆಯ ಯಂತ್ರ ಸಿಗಲಿಲ್ಲ, ಎಂದು ಬರೆಯಿತು. ತಜ್ಞ ಎಲ್ಲ ಆರಿಸಿ ಮತ್ತೆ ಹಚ್ಚಿದ. ಮತ್ತೆ ಅದೇ. ಎರಡು ದಿನ ಅವನಿಗೆ ಇದೊಂದೇ ವಿದ್ಯೆ: ಆರಿಸುವುದು, ಹಚ್ಚುವುದು. ತಪ್ಪು ಮೊದಲ ದಿನ ಧೂಳಿನದಾಗಿತ್ತು, ಆಮೇಲೆ ಕರೆಂಟಿನದಾಯಿತು, ಕೊನೆಗೆ ನನ್ನ ಬಳೆಗಳದಾಯಿತು.

"ನಿಮ್ಮ ಬಳಿ ಸಪ್ಪಳಕ್ಕ ಡಿಸ್ಟರ್ಬ್ ಆಗಾಕತ್ತೈತ್ರಿ."

ಬಳೆ ತೆಗೆದು ಡ್ರಾವರಿನಲ್ಲಿಟ್ಟೆ. ಅವನ ಮೂರ್ಖತನಕ್ಕಿಂತ, ಅದಕ್ಕೆ ನಾನು ತಗ್ಗಿದ್ದು ಇಂದಿಗೂ ನನಗೆ ಹೇಸಿಗೆ ತರುತ್ತದೆ.

ಮೂರನೆಯ ದಿನ ತಂತಿಯೇ ಕೆಟ್ಟಿದೆ ಎಂದು ಲೈನ್‌ಮನ್‌ನನ್ನು ಕರೆಸಿದ. ಬಂದವರು ಐವತ್ತು ದಾಟಿದ ಮುಸಲ್ಮಾನರು, ಊರಿಗೆಲ್ಲ ಚಾಚಾ. ಅವರು ತಂತಿಯನ್ನು ಮುಟ್ಟಲೇ ಇಲ್ಲ. "ಇನ್ನೊಮ್ಮಿ ಹಚ್ಚರಿ" ಎಂದು ಡಬ್ಬಿಯ ಹತ್ತಿರ ಕಿವಿಗೊಟ್ಟು ನಿಂತರು.

"ನಂಬರ್ ಒತ್ತಿದ ಮ್ಯಾಲೂ ಗುಂಯ್ ಅನ್ನೋದು ನಿಂತಿಲ್ಲ ನೋಡ್ರಿ ಬಾಯಾರ. ಅಂದ್ರ ನಂಬರ್ ಒತ್ತಿದ್ದ ಎಕ್ಸ್‌ಚೇಂಜಿಗೆ ತಿಳಿದಿಲ್ಲ. ಇದು ಪೀಪೀ ಅಂತ ಹಾಡತೈತಿ. ನಮ್ಮಲ್ಲಿ ಇನ್ನೂ ಕಟಕಟ ಎಣಿಸೋ ಹಳೇ ಪದ್ಧತಿ ಐತಿ."

ನಮ್ಮ ಕರಿ ಫೋನೆತ್ತಿ ನನ್ನ ಕಿವಿಗೆ ಹಿಡಿದು ಒಂದೇ ಅಂಕಿ ತಿರುಗಿಸಿದರು. ಫೋನ್ ಎತ್ತಿದೊಡನೆ ಕೇಳುವ ಗುಂಯ್ ಎಂಬುದು ಥಟ್ಟನೆ ನಿಂತಿತು.

ತಜ್ಞ ನಕ್ಕ. "ಚಾಚಾ, ನಿಮಗ ಕಂಬ ಹತ್ತೋದು ಗೊತ್ತು. ಸಾಫ್ಟ್‌ವೇರ್ ಬ್ಯಾರೇನ ಇರತೈತಿ" ಎಂದು ಊಟಕ್ಕೆ ಹೋದ.

ಅವನು ಹೊರಬಿದ್ದ ಕೂಡಲೇ ನಾನು ಕೈಪಿಡಿ ಎಳೆದು ಪ್ಲಾಸ್ಟಿಕ್ ಹರಿದೆ. ನಂಬರು ಹಚ್ಚುವ ಆಜ್ಞೆಯಲ್ಲಿ 'ಟಿ' ಎಂದಿದ್ದರೆ ಹಾಡು, 'ಪಿ' ಎಂದಿದ್ದರೆ ಎಣಿಕೆ. ಒಂದು ಅಕ್ಷರ ಬದಲಿಸಿದೆ. ಡಬ್ಬಿ ಕಟಕಟ ಎಂದಿತು, ಆ ಕಡೆ ಗಂಟೆ ಬಾರಿಸಿತು, ಕರ್ರ್ ಎಂದು ಕಿರುಚಿ ಸುಮ್ಮನಾಯಿತು. ಪರದೆಯ ಮೇಲೆ 'ಕನೆಕ್ಟ್'. ಚಾಚಾ "ಆತು" ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿದರು.

ತಜ್ಞ ಅಡಿಕೆ ಜಗಿಯುತ್ತ ಮರಳಿದವನು ಪರದೆ ನೋಡಿ, "ಅಂದಿದ್ನೆಲ್ರಿ, ನಾ ಮಾಡಿದ ಸೆಟ್ಟಿಂಗ್ ಈಗ ಹಿಡೀತು" ಎಂದ.

ಆದರೆ ಗದಗಿನಿಂದ ಬಂದ ಅಕ್ಷರಗಳಲ್ಲಿ ಅರ್ಧ ಸರಿ, ಅರ್ಧ ಕಸ. ಅದನ್ನೂ ತಂತಿಯ ತಲೆಗೆ ಕಟ್ಟಿ, ಸಂಜೆಯ ಬಸ್ಸು ಹಿಡಿದು ಹೋದ.

ಮರುದಿನ ಬೆಳಿಗ್ಗೆ ಗದಗಿನ ಟೈಪಿಸ್ಟ್ ಹುಡುಗಿಗೆ ಫೋನ್ ಮಾಡಿ, ಸಂಪರ್ಕ ಸಿಕ್ಕ ಮೇಲೆ ಎಯಿಂದ ಎಫ್‌ವರೆಗೆ ಮತ್ತೆ ಮತ್ತೆ ಒತ್ತುತ್ತಿರು ಎಂದೆ. ನೋಡುತ್ತ ಕುಳಿತೆ. ಎ, ಬಿ, ಡಿ ಪ್ರತಿ ಸಲವೂ ಸರಿ. ಸಿ, ಇ, ಎಫ್ ಪ್ರತಿ ಸಲವೂ ತಪ್ಪು. ಹತ್ತು ಸಲವೂ ಹಾಗೆಯೇ. ಗಾಳಿಗೆ ತಂತಿ ಅಲುಗಾಡಿ ಕೆಡುವುದಾದರೆ ಒಮ್ಮೆ ಎ ಕೆಡಬೇಕು, ಒಮ್ಮೆ ಡಿ. ಗಾಳಿಗೆ ಸಿ ಮೇಲೆ ಮಾತ್ರ ಯಾಕೆ ಹಗೆ?

ಉತ್ತರ ಕೈಪಿಡಿಯಲ್ಲೇ ಇತ್ತು. ಒಂದು ಅಕ್ಷರಕ್ಕೆ ಎಷ್ಟು ಬಿಟ್ ಎಂಬ ಲೆಕ್ಕ ಎರಡೂ ತುದಿಯಲ್ಲಿ ಒಂದೇ ಇರಬೇಕು. ಮತ್ತೆ ಫೋನ್ ಮಾಡಿದೆ.

"ಸೆಟ್ಟಿಂಗಿನಾಗ ಏಳು ಐತೋ, ಎಂಟು ಐತೋ ನೋಡವಾ."

"ಏಳು ಐತ್ರಿ. ಮುಂದ ಈವನ್ ಅಂತ ಐತಿ."

ನಮ್ಮಲ್ಲಿ ಎಂಟು ಇತ್ತು. ಗದಗಿನ ಯಂತ್ರ ತಪ್ಪು ಹಿಡಿಯಲೆಂದು ಕೆಲವು ಅಕ್ಷರಗಳಿಗೆ ಮಾತ್ರ ಅಂಟಿಸಿ ಕಳಿಸುತ್ತಿದ್ದ 'ಈವನ್' ಗುರುತನ್ನು ನಮ್ಮದು ಅಕ್ಷರದ ಭಾಗವೆಂದೇ ಓದುತ್ತಿತ್ತು; ಸಿಗೆ ಆ ಗುರುತು ಬೀಳುತ್ತಿತ್ತು, ಡಿಗೆ ಇಲ್ಲ.

"ಅಲ್ಲಿ ಹಂಗ ಹಾಕಿದವರು ಯಾರು?"

"ಟೈ ಹಾಕ್ಕೊಂಡ ಸರ್ ಅದಾರಲ್ರಿ, ಅವರ."

ಎರಡೂ ತುದಿಗಳನ್ನು ಒಬ್ಬನೇ ಮಹಾನುಭಾವ ಹೊಂದಿಸಿದ್ದ. ನಮ್ಮಲ್ಲಿ ಏಳು ಮತ್ತು ಈವನ್ ಮಾಡಿದೆ. ಮಳೆಯ ಅಳತೆ ಒಂದೂ ಅಂಕಿ ಕೆಡದೆ ಹೋಯಿತು.

ಆ ತಿಂಗಳ ಸಭೆ ಗದಗಿನಲ್ಲಿ. ಐದೂ ತಾಲೂಕಿನವರ ಮುಂದೆ ತಜ್ಞ ಎದ್ದು, ಮುಂಡರಗಿಯ ತಂತಿ ದೋಷವನ್ನು ತಾನು ಹೇಗೆ ಸರಿಪಡಿಸಿದೆ ಎಂದು ಬಣ್ಣಿಸಿದ. ಜಿಲ್ಲೆಯ ಸಾಹೇಬರು ತಲೆದೂಗಿದರು. ನಾನು ಎದ್ದು ನಿಂತೆ.

"ಸರ್, ತಂತಿ ಕೆಟ್ಟಿದ್ರ ಸಿ ಅಕ್ಷರ ಯಾವಾಗಲೂ ತಪ್ಪು, ಡಿ ಯಾವಾಗಲೂ ಸರಿ ಯಾಕ ಬರ್ತಿತ್ರಿ?"

"ಅದು... ನಾಯ್ಸ್ ಮೇಡಂ."

"ಡಿಗೆ ನಾಯ್ಸ್ ಹತ್ತಂಗಿಲ್ಲೇನ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತಜ್ಞನ ಕೈ ಟೈಯ ಗಂಟಿಗೆ ಹೋಯಿತು. ಸಾಹೇಬರು, "ಚಾ ಬಂದೈತಿ, ತಗೋರಿ" ಎಂದು ಸಭೆ ಮುಗಿಸಿದರು. ಆ ಚಹಾದಷ್ಟು ರುಚಿಯಾದ ಚಹಾ ನಾನು ಕುಡಿದಿಲ್ಲ.

ಬಸ್ ನಿಲ್ದಾಣದಲ್ಲಿ ಶಿರಹಟ್ಟಿಯ ಗುಮಾಸ್ತೆ, ನನಗಿಂತ ಚಿಕ್ಕವಳು, ಪಕ್ಕಕ್ಕೆ ಬಂದಳು. "ಅಕ್ಕಾರ, ನಮ್ಮಲ್ಲಿ ನಂಬರೇ ಹತ್ತವಲ್ದು" ಎಂದಳು. ಗುಂಯ್ ಎಂಬುದು ನಿಲ್ಲುತ್ತದೋ ಇಲ್ಲವೋ ಕೇಳು, ನಿಲ್ಲದಿದ್ದರೆ 'ಟಿ' ತೆಗೆದು 'ಪಿ' ಹಾಕು ಎಂದೆ.

"ಎಷ್ಟ್ ಶಾಣ್ಯಾರದೀರಿ! ನಿಮಗ ಹೆಂಗ ಹೊಳೀತ್ರಿ?"

"ಕಿವಿ ಇದ್ದವರಿಗೆ ಹೊಳೀತೈತಿ" ಎಂದು ಬಸ್ಸು ಹತ್ತಿದೆ.

ಡಂಬಳ ದಾಟುವಾಗ ಆ ಮಾತು ನನಗೇ ಕೇಳಿಸಿತು. ಕಿವಿ ಚಾಚಾ ಅವರದು. ತಜ್ಞ ಮಾಡಿದ್ದನ್ನೇ ನಾನೂ ಮಾಡಿದ್ದೆ, ಟೈ ಒಂದಿರಲಿಲ್ಲ.

ಮರುದಿನ ಚಾಚಾ ಅವರನ್ನು ಕರೆಸಿ ನಡೆದದ್ದನ್ನು ಹೇಳಿದೆ. ದೊಡ್ಡ ಮನಸ್ಸು ಮಾಡಿ "ಇರಲಿ ಬಿಡ್ರಿ" ಅನ್ನುತ್ತಾರೆಂದುಕೊಂಡಿದ್ದೆ. ಅನ್ನಲಿಲ್ಲ.

"ತಪ್ಪ ಮಾಡಿದ್ರಿ ಬಾಯಾರ. ಈಗ ಶಿರಹಟ್ಟಿಗೆ ಫೋನ್ ಹಚ್ಚಿ, ನಮ್ಮ ಚಾಚಾ ಹೇಳಿದ್ದು ಅಂತ ಹೇಳ್ರಿ. ನನ್ನ ಮುಂದನ ಹೇಳ್ರಿ."

ಹಚ್ಚಿದೆ, ಹೇಳಿದೆ. ಆ ಕಡೆಯವಳು, "ಹಂಗಿದ್ರ ಫೋನ್ ಅವರಿಗೇ ಕೊಡ್ರಿ ಅಕ್ಕಾರ, 'ಪಿ' ಹಾಕಿದ್ರೂ ಹತ್ತವಲ್ದು" ಎಂದಳು.

ಚಾಚಾ ನನ್ನ ಕುರ್ಚಿಯಲ್ಲೇ ಕುಳಿತು, ಫೋನನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದರು. "ಹೂಂ, ಡಬ್ಬಿಗೆ ಬ್ಯಾರೆ ತಂತಿ ಐತಲ್ಲ, ಅದನ್ನ ಹಚ್ಚಿ ಈ ಫೋನ್ ಅದರ ಹತ್ರ ಹಿಡೀವಾ, ನಾ ಕೇಳತೀನಿ" ಎಂದರು. ನಾನು ಗೋಡೆಗೆ ಒರಗಿ ಕಾಯುತ್ತ ನಿಂತೆ.