ಕುಡುಗೋಲು ನೆನೆಸಿದ ನೀರು

ಕಾಮಗೆರೆಯ ರಮ್ಯ ಬೆಳಿಗ್ಗೆ ಮೊದಲ ಬಿಂದಿಗೆ ತುಂಬಿದ ಕೂಡಲೇ ಬೆರಳು ಅದ್ದಿ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಜ್ವರ ಬಂದ ದಿನವೂ ಬಿಟ್ಟವಳಲ್ಲ. ಆಮೇಲೆ ಬಸ್ಸು ಹತ್ತಿ ಕೊಳ್ಳೇಗಾಲದ ಕಾಲೇಜಿಗೆ ಹೋಗಿ, ಕರೆಂಟು ಹಾಯಿಸಿ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುತ್ತಾಳೆ. ಕಡಿಮೆ ಕರೆಂಟಿನಲ್ಲಿ ಇದು ಆಗಬೇಕಾದರೆ ನೀರಿಗೆ ಇಳಿಬಿಡುವ ಲೋಹಕ್ಕೆ ವೇಗವರ್ಧಕದ ಲೇಪ ಬೇಕು. ಹೆಸರಾದ ಲೇಪಗಳು ಚಿನ್ನದಷ್ಟು ದುಬಾರಿ. ಅಗ್ಗದ ನಿಕಲ್ ಜಾಲರಿಯಿಂದಲೇ ಸಾಧಿಸಬೇಕೆಂಬುದು ಅವಳ ಹಟ, ಅದೇ ಅವಳ ಪಿಎಚ್.ಡಿ. ಯುಗಾದಿಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಜಾಲರಿ ಅವಳ ಮಾತು ಕೇಳುತ್ತಲೇ ಇರಲಿಲ್ಲ. ಆಯುಧಪೂಜೆಗೆ ದೇವರ ಮುಂದಿಡಲೆಂದು ಒಂದನ್ನು ಹಿಂದಿನ ದಿನವೇ ಮನೆಗೆ ತಂದಿಟ್ಟಳು. ಹಬ್ಬ ಕಳೆದು ಅದನ್ನೇ ಪಾತ್ರೆಗಿಳಿಸಿದಾಗ ಎಂದಿಗಿಂತ ಕಡಿಮೆ ಕರೆಂಟಿಗೇ ಗುಳ್ಳೆ ಉಕ್ಕಿತು. ಅವಳ ಮಾರ್ಗದರ್ಶಕ ಪ್ರಭುಸ್ವಾಮಿ ಸಿಹಿ ತರಿಸಿದರು. ಆದರೆ ಬೇರೆ ಯಾವ ಜಾಲರಿಯಲ್ಲೂ ಹಾಗಾಗಲಿಲ್ಲ.

ರಮ್ಯ ತಾಯಿ ಚಾಮುಂಡಮ್ಮನನ್ನು ಕೇಳಿದಳು. "ಅವ್ವ, ನನ್ ಜಾಲರಿಗೆ ಏನ್ ಮಾಡ್ದೆ?"

"ನಾ ಮುಟ್ಟೂ ಇಲ್ಲ ಕನವ್ವ."

ಮಗಳ ಕೆಲಸ ಕೆಡಿಸಿದೆನೆಂಬ ಅಂಜಿಕೆ. ಚಾಮುಂಡಮ್ಮ ಮುಖ ತಿರುಗಿಸಿ ರಾಗಿ ಕೇರತೊಡಗಿದರು. ರಮ್ಯ ಪಕ್ಕದಲ್ಲಿ ಕೂತು ಸುಮ್ಮನೆ ಕಲ್ಲು ಆರಿಸಿದಳು. ಮೊರ ನಿಂತಿತು.

"ತೊಳಿದೆ ಇರೋದ ದೇವ್ರ ಮುಂದೆ ಇಡಕ್ಕಾದ್ದಾ? ಕುಡ್ಲು, ಮಚ್ಚಿನ ತುಕ್ಕು ಬುಡ್ಲಿ ಅಂತ ಉಣಸೆನೀರ್ಗೆ ಆಕಿದ್ನಲ್ಲ, ಅದ್ರೊಳಕ್ಕೇ ನಿನ್ ಜಾಲರಿನೂ ಆಕ್ಬುಟ್ಟೆ. ಕೆಟ್ಟೋಯ್ತಾ?"

"ಕೆಟ್ಟಿಲ್ಲ ಕನವ್ವ, ಗೆದ್ದದೆ."

ಹುಣಸೆಯ ಹುಳಿ ಕುಡುಗೋಲಿನ ಕಬ್ಬಿಣವನ್ನು ಕರಗಿಸಿ ಜಾಲರಿಗೆ ಹತ್ತಿಸಿತ್ತು. ನಿಕಲ್ ಜೊತೆ ಚೂರು ಕಬ್ಬಿಣ ಸೇರಿದರೆ ಗುಳ್ಳೆ ಬೇಗ ಏಳುತ್ತದೆಂದು ರಮ್ಯ ಓದಿದ್ದಳು. ತುಕ್ಕು, ಹುಣಸೆ ಹಿಡಿದು ಕೂತಳು. ಗುಳ್ಳೆ ಬಂತು, ಆದರೆ ಸಂಜೆಯೊಳಗೆ ಲೇಪ ಕಳಚುತ್ತಿತ್ತು. ಹಬ್ಬದ ಜಾಲರಿಯದು ಮಾತ್ರ ಗಟ್ಟಿಯಾಗಿ ನಿಂತಿತ್ತು. ಎಷ್ಟು ಹುಳಿ, ಎಷ್ಟು ಹೊತ್ತು ಎಂದು ಕೇಳಿದರೆ ಚಾಮುಂಡಮ್ಮ, "ನಾನೇನ್ ಗಡಿಯಾರ ಕಟ್ಕಂಡ್ ತೊಳೀತೀನಾ?" ಎಂದರು.

ಯುಗಾದಿ ಹತ್ತಿರವಾಯಿತು. ಪ್ರಭುಸ್ವಾಮಿ ಕರೆದು ಹೇಳಿದರು. "ಹಬ್ಬದ ಜಾಲರಿ ಫಲಿತಾಂಶ ಸುಳ್ಳೇನಲ್ಲವಲ್ಲಮ್ಮ. ಅದೊಂದನ್ನೇ ಬರ್ದು ಕೊಡು, ನಾನು ಸೈನ್ ಹಾಕಿ ದಾಟಿಸ್ತೀನಿ. ನಿಮ್ಮವ್ವಂಗೂ ಮಗಳು ಡಾಕ್ಟ್ರಾಗೋದ ನೋಡೋ ಆಸೆ ಇರ್ತದೆ."

"ಅವ್ವ ಡಾಕ್ಟ್ರು ಅಂದ್ರೆ ಸೂಜಿ ಚುಚ್ಚೋರು ಅನ್ಕಂಡದೆ ಸಾ."

ಅವರು ನಕ್ಕರು. ರಮ್ಯ ಹುಣಸೆಹಣ್ಣಿನ ಪೊಟ್ಟಣ ಬಿಚ್ಚಿದಳು.

"ಸೈನ್ ಈಗ ಬ್ಯಾಡಿ ಸಾ. ಅವ್ವ ಮಾಡಿದ್ದ ನಾನು ಮಾಡ್ಬೇಕು, ನಾನ್ ಮಾಡಿದ್ದ ಇನ್ನೊಬ್ರೂ ಮಾಡ್ಬೇಕು. ಇನ್ನೊಂದ್ ವರ್ಷ ಓದ್ರೆ ಓಗ್ಲಿ."