ಪುಟ್ಟಿಯ ಫುಲ್ ಟಿಕೆಟ್

ನನ್ನಕ್ಕ ಬಟ್ಟೆ ಹೊಲಿಯುವವಳು. ಅವಳ ಹೊಲಿಗೆ ಯಂತ್ರದ ಖಾನೆ ಎಳೆದರೆ ದಾರದುಂಡೆಗಳಿಗಿಂತ ಹಳೇ ಟಿಕೆಟ್‌ಗಳೇ ಹೆಚ್ಚು. ಮದುವೆಯಾದ ಹೊಸದರಲ್ಲಿ ನೋಡಿದ ಸಿನಿಮಾದ್ದು, ಮೃಗಾಲಯದ್ದು, ತೂಕದ ಯಂತ್ರ ಉಗುಳಿದ ರಟ್ಟಿನ ಚೂರು ಕೂಡ. ಬಿಟ್ಟರೆ ಇವಳು ಬಸ್ಸನ್ನೇ ಮಡಚಿ ಇಟ್ಟುಕೊಳ್ಳುತ್ತಾಳೆ ಎಂದು ಭಾವ ಇದ್ದಷ್ಟು ದಿನ ಗೇಲಿ ಮಾಡುತ್ತಿದ್ದರು.

ಭಾವ ಹೋದ ಮೇಲೆ ಅವಳಿಗೆ ಉಳಿದವಳು ಮಗಳು ಪುಟ್ಟಿ. ಪುಟ್ಟಿಗೆ ರಕ್ತದ ಕಾಯಿಲೆ ಬಂತು. ವಾರಕ್ಕೊಮ್ಮೆ ತಾಯಿ ಮಗಳು ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗುವರು. ಅಲ್ಲಿ ಇಳಿದ ಕೂಡಲೇ ಪುಟ್ಟಿ ತನ್ನ ಅರ್ಧ ಟಿಕೆಟ್ಟನ್ನು ಅಮ್ಮನ ಪರ್ಸಿಗೆ ತುರುಕುವಳು. ಹಾಗೆ ಹದಿನಾಲ್ಕು ವಾರ. ಹದಿನೈದನೆಯ ವಾರದ ಹೊತ್ತಿಗೆ ಅವಳಿಗೆ ಹನ್ನೆರಡು ತುಂಬಿತ್ತು. ಕಡ್ಡಿಯಂತಾಗಿದ್ದ ಹುಡುಗಿಯನ್ನು ನೋಡಿ ಕಂಡಕ್ಟರು ಕೇಳದೆಯೇ ಅರ್ಧ ಟಿಕೆಟ್ ಕೊಡಲು ಹೊರಟರೆ, ಇವಳು ಬಿಡಲಿಲ್ಲವಂತೆ.

“ನಂಗೆ ಹನ್ನೆರಡು ತುಂಬ್ತು. ಫುಲ್ ಕೊಡಿ.”

ಆ ದಿನ ಆಸ್ಪತ್ರೆಯವರು ಅವಳನ್ನು ಸೇರಿಸಿಕೊಂಡರು. ಪುಟ್ಟಿ ವಾಪಸ್ ಬರಲಿಲ್ಲ.

ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅಕ್ಕ ನನ್ನ ಜೆರಾಕ್ಸ್ ಅಂಗಡಿಗೆ ಬಂದಳು. ಕಂಡಕ್ಟರು ಯಂತ್ರದಲ್ಲಿ ಮುದ್ರಿಸಿ ಕೊಟ್ಟ ಪುಟ್ಟಿಯ ತೆಳು ಚೀಟಿಗಳ ಅಕ್ಷರ ಮಾಸುತ್ತಿದೆ, ಏನಾದರೂ ಮಾಡು ಎಂದಳು. ಹದಿನೈದೂ ಚೀಟಿಗಳನ್ನು ಹೋದ ದಿನಗಳ ಪ್ರಕಾರವೇ ಜೋಡಿಸಿ ತಂದಿದ್ದಳು. ಲ್ಯಾಮಿನೇಷನ್ ಮಾಡಿಬಿಡೋಣ, ನೂರು ವರ್ಷ ಏನೂ ಆಗಲ್ಲ ಎಂದು ಜಂಬ ಕೊಚ್ಚಿದೆ. ಅಂಗಡಿ ಇಟ್ಟು ಇಪ್ಪತ್ತು ವರ್ಷವಾದವನಲ್ಲವೇ, ನನಗಿಂತ ತಿಳಿದವರಾರು! ಮೊದಲು ಒಂದು ಜೆರಾಕ್ಸ್ ತೆಗೆದಿಡುವ ಬುದ್ಧಿಯೂ ಬರಲಿಲ್ಲ. ಅಂದವಾಗಿ ಕಾಣಲೆಂದು ಉದ್ದದವು ಮೇಲೆ, ಗಿಡ್ಡವು ಕೆಳಗೆ ಮಾಡಿ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಯಂತ್ರಕ್ಕೆ ಕೊಟ್ಟೆ.

ಆ ಕಾಗದದಲ್ಲಿ ಅಕ್ಷರ ಮೂಡುವುದೇ ಬಿಸಿಯಿಂದ. ಇಡೀ ಚೀಟಿಗೆ ಬಿಸಿ ತಗುಲಿದರೆ ಇಡೀ ಚೀಟಿ ಕಪ್ಪು. ಯಂತ್ರದ ಆಚೆ ಕಡೆಯಿಂದ ಹದಿನೈದು ಕರೀ ಪಟ್ಟಿಗಳು ಹೊರಬಂದವು.

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಬಾಗಿಲ ಬಳಿ ಒಯ್ದು ಬೆಳಕಿಗೆ ಹಿಡಿದಳು, ಓರೆ ಮಾಡಿ ನೋಡಿದಳು.

“ಇದ್ರಲ್ಲಿ ಫುಲ್ ಟಿಕೆಟ್ ಯಾವ್ದೋ?”

ಕೊನೆಯಲ್ಲಿದ್ದದ್ದನ್ನು ನಾನೇ ಎಲ್ಲಿಗೋ ಸೇರಿಸಿದ್ದೆ. ಎಲ್ಲಿಗೆಂದು ನನಗೂ ನೆನಪಿರಲಿಲ್ಲ. ಅವಳ ಬೆರಳು ಒಂದೊಂದನ್ನೇ ಸವರುತ್ತಾ ಕೆಳಗಿನ ಸಾಲಿನ ಮೂರನೆಯದರ ಮೇಲೆ ನಿಂತಿತು. ಇದೇ ಇರಬೇಕು ಅಲ್ಲವಾ ಎಂದಳು. ಹೌದಕ್ಕ, ಅದೇ ಎಂದುಬಿಟ್ಟೆ.

ಮನೆಗೆ ಹೋಗಿ ಅದರ ಪಕ್ಕದ ಪ್ಲಾಸ್ಟಿಕ್‌ಗೆ ಸೂಜಿ ಚುಚ್ಚಿ ಒಂದು ಕೆಂಪು ದಾರ ಕಟ್ಟಿದಳು. ಬಟ್ಟೆ ಕೊಡಲು ಬಂದವರಿಗೆ ಅದನ್ನೇ ತೋರಿಸಿ, ನನ್ನ ಮಗಳು ಕೇಳಿ ತಗೊಂಡ ಫುಲ್ ಟಿಕೆಟ್ ಇದು ಎನ್ನುತ್ತಾಳೆ. ನಾನಿದ್ದರೆ ನನ್ನ ಕಡೆ ನೋಡುತ್ತಾಳೆ. ನಾನು ತಲೆಯಾಡಿಸುತ್ತೇನೆ.

ಹೋದ ವಾರ ತಡೆಯಲಾಗದೆ, ಅಕ್ಕ ಒಂದು ಮಾತು ಹೇಳಬೇಕಿತ್ತು ಎಂದೆ. ಅವಳು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ನಿಂಗೂ ಗೊತ್ತಿರ್ಲಿಲ್ಲ ಅಂತ ಅವತ್ತೇ ಗೊತ್ತಾಯ್ತು ಕಣೋ. ಆದ್ರೂ ಹೌದು ಅಂತಾನೇ ಇರು. ನಾನೊಬ್ಳೇ ಹೌದು ಅಂದ್ರೆ ಸಾಲಲ್ಲ.”

ಹೂಂ ಅಂದೆ.