ಕೊಂಡಿಯಿಲ್ಲದ ಕವಚ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪತ್ರಿಕೆಯೊಂದರ ವರದಿಗಾರ. ಮನೆ ಯಲಹಂಕದ ಪಕ್ಕದ ಪುಟ್ಟೇನಹಳ್ಳಿ. ಹೊಲ ನೋಡಿಕೊಳ್ಳುತ್ತಿದ್ದವನು ಅಣ್ಣ. ಆ ವರ್ಷ ಊರಿನ ಪೌರಾಣಿಕ ನಾಟಕದಲ್ಲಿ ಅವನಿಗೆ ಕರ್ಣನ ಪಾರ್ಟು ಸಿಕ್ಕಿತ್ತು. ಅಲ್ಲಿಯವರೆಗೆ ಅದು ನಮ್ಮ ದೊಡ್ಡಪ್ಪನ ಪಾರ್ಟು. ಹಾರ್ಮೋನಿಯಂ ಮೇಷ್ಟ್ರು ಒಂದು ಷರತ್ತು ಹಾಕಿದ್ದರು: ವೇಷ ಕಟ್ಟಿ ಆಡುವ ಕೊನೆಯ ಟ್ರಯಲ್‌ನಲ್ಲಿ ಅಣ್ಣನ ಪದ್ಯ ಕೆಟ್ಟರೆ ಪಾರ್ಟು ವಾಪಸ್ ದೊಡ್ಡಪ್ಪನಿಗೆ.

ಬಾಡಿಗೆ ಡ್ರೆಸ್ಸಿನ ಕವಚ ಅಣ್ಣನಿಗೆ ಹಿಡಿಸಲಿಲ್ಲ. ಮಖಮಲ್ಲಿನ ಮೇಲೆ ಜರಿ, ಕನ್ನಡಿ ಚೂರು, ಹಿಂದೆ ಕಟ್ಟಲು ಲಾಡಿ. ಕರ್ಣನ ಕವಚ ಹುಟ್ಟುವಾಗಲೇ ಮೈಗೆ ಅಂಟಿ ಬಂದದ್ದು, ಅದರಲ್ಲಿ ಲಾಡಿ, ಕೊಂಡಿ ಕಂಡರೆ ಜನ ನಗುತ್ತಾರೆ ಎಂಬುದು ಅವನ ವಾದ. ಯಶವಂತಪುರದಲ್ಲಿ ತಗಡಿನ ಕೆಲಸ ಮಾಡುವವರ ಹತ್ತಿರ ಹೋಗಿ ತನ್ನದೇ ಕವಚ ಮಾಡಿಸಿದ. ಒಂದೇ ತಗಡನ್ನು ಮೈಸುತ್ತ ಬಾಗಿಸಿ ಬೆನ್ನ ನಡುವೆ ಬೆಸುಗೆ ಹಾಕಿದ್ದು. ತಲೆಯ ಮೇಲಿಂದ ಇಳಿಸಿಕೊಳ್ಳಬೇಕು. ಎದೆಯ ಮೇಲೆ ಸೂರ್ಯನ ಮುಖ, ಭುಜದ ಮೇಲೆ ರೆಕ್ಕೆಯಂತೆ ಎದ್ದ ಭುಜಕೀರ್ತಿ. ಬಿಸಿಲಿಗೆ ಹಿಡಿದರೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಅದೇ ದಿನಗಳಲ್ಲಿ ಹಳೆಯ ಆಯುಧಗಳ ಪ್ರದರ್ಶನವೊಂದರ ವರದಿಗೆ ಹೋಗಿದ್ದೆ. ಅಲ್ಲಿದ್ದ ನಿಜವಾದ ಕವಚಗಳು ನೋಡಲು ಸಪ್ಪೆ. ಒಂದು ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ. ಇನ್ನೊಂದರಲ್ಲಿ ಎದೆಗೂ ಬೆನ್ನಿಗೂ ಬೇರೆ ಬೇರೆ ಫಲಕ, ನಡುವೆ ಚರ್ಮದ ಪಟ್ಟಿ. ಎರಡರಲ್ಲೂ ಕಂಕುಳ ಹತ್ತಿರ ಅಗಲವಾಗಿ ಬಿಟ್ಟಿದ್ದರು. ತೋಳೆತ್ತಲಾಗದವನು ಕತ್ತಿ ಬೀಸಲಾರ. ಊಟಕ್ಕೆ ಕೂತಾಗ ಇದನ್ನು ಹೇಳಿದೆ.

"ಅದು ಹೊಡೆದಾಡೋರಿಗೆ ಮಾಡಿದ್ದು ಕಣೋ," ಅಂದ ಅಣ್ಣ. "ನನ್ನನ್ಯಾರು ಹೊಡೀತಾರೆ? ನೋಡ್ತಾರೆ, ಅಷ್ಟೆ."

ಅದನ್ನು ಹಾಕಿಕೊಂಡು ಹಾಡಿ ನೋಡಿದ್ದೀರಾ ಎಂದು ಅತ್ತಿಗೆ ಕೇಳಿದರು. ಅಂಗಡಿಯಲ್ಲಿ ಹಾಕಿ ನೋಡಿದಾಗ ಬರಿಮೈಗೆ ಸರಾಗವಾಗಿ ಇಳಿದಿತ್ತು ಎಂದ ಅಣ್ಣ. ಒಳಗೆ ತೊಡಬೇಕಾದ ಮಖಮಲ್ಲಿನ ತುಂಬುತೋಳಿನ ಅಂಗಿ ಯಾರ ತಲೆಗೂ ಹೊಳೆದಿರಲಿಲ್ಲ.

ಟ್ರಯಲ್ ನಡೆದದ್ದು ಭಾನುವಾರ ಮಧ್ಯಾಹ್ನ, ಕಣದಲ್ಲಿ. ನನಗೆ ಸಂಜೆ ಡ್ಯೂಟಿ. ಬಸ್ಸಿನ ಹೊತ್ತಾಗುತ್ತಿತ್ತು, ಆದರೆ ಹೋಗಲೂ ಮನಸ್ಸಿಲ್ಲ, ನಿಂತಲ್ಲಿ ನಿಲ್ಲಲೂ ಆಗುತ್ತಿಲ್ಲ. ಅಂಗಿಯ ಮೇಲೆ ಕವಚ ಇಳಿಸಲು ಇಬ್ಬರು ಎಳೆಯಬೇಕಾಯಿತು. ಅಣ್ಣ ಬಂದು ನಿಂತಾಗ ಕಣವೆಲ್ಲ ತೆಪ್ಪಗಾಯಿತು. ಅಷ್ಟು ಚೆನ್ನಾಗಿತ್ತು. ದೊಡ್ಡಪ್ಪ ಕೂಡ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ ಬೇಡುವ ದೃಶ್ಯ. ಅಣ್ಣ ಪದ್ಯ ಎತ್ತಿಕೊಂಡ. ಎರಡನೆಯ ಸಾಲಿಗೆ ಉಸಿರು ತುಂಡಾಯಿತು. ಮೇಷ್ಟ್ರು ಶ್ರುತಿ ಇಳಿಸಿ ಮತ್ತೆ ಕೊಟ್ಟರು. ಮತ್ತೆ ಅಲ್ಲೇ ನಿಂತಿತು. ತಗಡು ಎದೆ ಅರಳಲು ಬಿಡುತ್ತಿರಲಿಲ್ಲ. ಮೇಷ್ಟ್ರು ದೊಡ್ಡಪ್ಪನ ಕಡೆ ನೋಡಿದರು. ಅದನ್ನು ಕಂಡ ಅಣ್ಣ ಪದ್ಯ ಬಿಟ್ಟು ಕವಚ ಕಳಚಲು ಹೋದ. ಬೆವರಿಗೆ ಒದ್ದೆಯಾದ ಅಂಗಿಗೆ ಅದು ಕಚ್ಚಿಕೊಂಡಿತ್ತು. ಕೈ ಕಿವಿಯವರೆಗೂ ಏರಲಿಲ್ಲ. ಇಂದ್ರ ಕೈಯೊಡ್ಡಿಕೊಂಡು ನಿಂತೇ ಇದ್ದ.

"ಇಂದ್ರಪ್ಪ, ನಾಳೀಕೆ ಬಾ," ಅಂದರು ದೊಡ್ಡಪ್ಪ. "ಇವತ್ತು ಇಂಗೈತೆ ನಮ್ಮ ದಾನಶೂರನ ಕತೆ."

ಜನ ನಕ್ಕರು. ಅಣ್ಣನ ಮುಖ ಕಪ್ಪಿಟ್ಟಿತು. ದೊಡ್ಡಪ್ಪ ಎದ್ದು ಯಾರದೋ ಮಚ್ಚು ಇಸಿದುಕೊಂಡು ಅವನ ಹಿಂದೆ ಹೋದರು. ಅಲ್ಲಾಡಬೇಡ ಎಂದು ಬೆಸುಗೆಯ ಸಂದಿಗೆ ತುದಿ ಕೊಟ್ಟು ಮೀಟುತ್ತಾ ಬಂದರು. ಕೊನೆಗೆ ತಗಡು ಕೆಳಗಿನವರೆಗೂ ಬಿಟ್ಟುಕೊಂಡಿತು. ಮೇಷ್ಟ್ರು ಇನ್ನೂ ಶ್ರುತಿ ಬಿಟ್ಟಿರಲಿಲ್ಲ. ಅಣ್ಣ ಬೆನ್ನು ತೆರೆದ ಕವಚದಲ್ಲೇ ಪದ್ಯವನ್ನು ಮೊದಲಿಂದ ಎತ್ತಿಕೊಂಡು ಕೊನೆ ಮುಟ್ಟಿಸಿದ.

ದೊಡ್ಡಪ್ಪ ಮಚ್ಚು ಕೆಳಗಿಟ್ಟರು. "ಪಾರ್ಟು ನಿಂದೇ ಕಣಪ್ಪ. ಬೆನ್ನು ಮಾತ್ರ ತೋರಿಸ್ಬೇಡ."

ಅತ್ತಿಗೆ ತಗಡಿನ ಎರಡು ಅಂಚಿಗೂ ಮೊಳೆಯಿಂದ ತೂತು ಹೊಡೆದು ಲಾಡಿ ಪೋಣಿಸಿದರು, ಉಸಿರಿಗೆ ಜಾಗ ಬಿಟ್ಟು. ನಾಟಕದಲ್ಲಿ ಅಣ್ಣ ಪ್ರತಿ ಸಲವೂ ರಂಗದಿಂದ ಹಿಮ್ಮುಖವಾಗಿ ನಡೆದೇ ಪರದೆಯ ಒಳಗೆ ಬಂದ. ವೀರನಾದವನು ಬೆನ್ನು ತೋರಿಸುವುದಿಲ್ಲ ಎಂದು ಮುಂದೆ ಕೂತವರು ಮೆಚ್ಚಿ ಮಾತಾಡಿಕೊಂಡರು. ಪಕ್ಕದ ಪರದೆಯ ಮರೆಯಲ್ಲಿ ನಿಂತ ನನಗೆ ಅವನ ಮುಖ ಕಾಣಲಿಲ್ಲ, ಲಾಡಿಯ ಗಂಟಷ್ಟೇ ಕಾಣುತ್ತಿತ್ತು. ಅದು ಬಿಚ್ಚಿದರೆ ಎಂದು ಹೆದರುತ್ತಿದ್ದೆ. ಇಂದ್ರ ಬಂದ ಮೇಲೆ, ಬಿಚ್ಚದಿದ್ದರೆ ಎಂದು. ಪದ್ಯ ಮುಗಿಸಿ ಅಣ್ಣ ಒಂದು ಕೈ ಹಿಂದಕ್ಕೆ ತಂದು ಲಾಡಿಯ ತುದಿ ಎಳೆದ. ಗಂಟು ಸಡಿಲಿತು. ಅವನು ಸೂರ್ಯನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದ.